ಫಿಜಿ ಟಿಕೆಟ್: ಬೆಂಗಳೂರಿನಿಂದಲ್ಲ, ನಂದಿಯಿಂದ ಲೆಕ್ಕ ಶುರು ಮಾಡಿ

ಪ್ರಶ್ನೆ: ನಾವು ಮೈಸೂರಿನವರು. ನಾನು, ನನ್ನ ಗಂಡ, ಎಂಟು ವರ್ಷದ ಮಗಳು ಮತ್ತು 68 ವರ್ಷದ ಅತ್ತೆ, ಹೀಗೆ ನಾಲ್ಕು ಜನ ಹತ್ತು ಹನ್ನೆರಡು ದಿನ ಫಿಜಿಗೆ ಹೋಗಬೇಕೆಂದಿದ್ದೇವೆ. ಅತ್ತೆಗೆ ಶುಗರ್ ಇದೆ, ಮಂಡಿನೋವು ಇದೆ. ವಿಮಾನ ಹತ್ತುವುದು ಇದೇ ಮೊದಲು. ನಾವು ಸಸ್ಯಾಹಾರಿಗಳು. ನೆಟ್‌ನಲ್ಲಿ ಹುಡುಕಿದರೆ ಸಿಂಗಪುರ, ಹಾಂಗ್‌ಕಾಂಗ್, ಸಿಡ್ನಿ, ಆಕ್ಲೆಂಡ್ ಎಂದು ಹತ್ತಾರು ದಾರಿ ತೋರಿಸುತ್ತದೆ. ಬೆಲೆಯಲ್ಲೂ ಬಹಳ ವ್ಯತ್ಯಾಸ. ಯಾವ ದಾರಿ ಹಿಡಿಯಬೇಕು? ಯಾವ ತಿಂಗಳು ಒಳ್ಳೆಯದು? ಅತ್ತೆಯವರಿಗೆ ಇಷ್ಟು ದೂರದ ಪ್ರಯಾಣ ಆದೀತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಆಗುತ್ತದೆ. ಆದರೆ ಈಗ ನೀವು ನೋಡುತ್ತಿರುವ ಹಾಗೆ, ಬೆಲೆ ಕಡಿಮೆಯಿಂದ ಜಾಸ್ತಿಗೆ ಜೋಡಿಸಿಕೊಂಡ ಪಟ್ಟಿಯಲ್ಲಿ ಮೇಲಿನದನ್ನು ಆರಿಸಿಕೊಂಡರೆ ಆಗುವುದಿಲ್ಲ. ಆ ಪಟ್ಟಿಗೆ ನಿಮ್ಮ ಅತ್ತೆಯ ಮಂಡಿ ಗೊತ್ತಿಲ್ಲ, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದೂ ಗೊತ್ತಿಲ್ಲ.

ಇಪ್ಪತ್ತು ವರ್ಷ ಟಿಕೆಟಿಂಗ್ ಕೌಂಟರಿನಲ್ಲಿ ಕೂತ ಮೇಲೆ ನಾನು ಕಲಿತಿದ್ದು ಇಷ್ಟು. ದೂರದ ದ್ವೀಪಕ್ಕೆ ಹೋಗುವಾಗ ಟಿಕೆಟ್ಟನ್ನು ಹಿಂದಿನಿಂದ ಕಟ್ಟಬೇಕು. ಬೆಂಗಳೂರಿನಿಂದ ಸಿಂಗಪುರಕ್ಕೆ ದಿನಾ ವಿಮಾನಗಳಿವೆ, ಒಂದು ತಪ್ಪಿದರೆ ಇನ್ನೊಂದು. ಸಿಂಗಪುರದಿಂದ ಫಿಜಿಗೆ ಹಾಗಿಲ್ಲ. ಫಿಜಿ ಏರ್‌ವೇಸ್ ಆ ದಾರಿಯಲ್ಲಿ ವಾರಕ್ಕೆ ಕೆಲವು ದಿನ ಮಾತ್ರ ಹಾರುತ್ತದೆ. ಒಂದು ತಪ್ಪಿತೆಂದರೆ ಎರಡು ಮೂರು ದಿನ ಅಲ್ಲೇ. ಹಾಗಾಗಿ ಮೊದಲು ಆ ವಿಮಾನ ವಾರದ ಯಾವ ಯಾವ ದಿನ ಇದೆ ನೋಡಿ. ನಿಮ್ಮ ರಜೆಯ ಮೊದಲ ದಿನ ಮತ್ತು ಕೊನೆಯ ದಿನವನ್ನು ಅದೇ ತೀರ್ಮಾನಿಸುತ್ತದೆ. ಆಮೇಲೆ ಅದಕ್ಕೆ ಬೆಂಗಳೂರು ವಿಮಾನವನ್ನು ಹೊಂದಿಸಿ. ಮೈಸೂರಿನಿಂದ ಹೊರಡುವ ಹೊತ್ತು ಎಲ್ಲಕ್ಕಿಂತ ಕೊನೆಗೆ.

ಇಳಿಯುವ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಓದಿದರೆ 'ನಾಡಿ' ಅನ್ನಿಸುತ್ತದೆ. ಫಿಜಿ ಭಾಷೆಯಲ್ಲಿ ಡಿ ಅಕ್ಷರವನ್ನು 'ಂಡ' ಅಥವಾ 'ಂದ' ಎಂದು ಉಚ್ಚರಿಸುತ್ತಾರೆ. ಊರು ನಂದಿ. ನಮ್ಮ ಬೆಟ್ಟದ ನಂದಿಯೇ ಅಂದುಕೊಳ್ಳಿ, ಅತ್ತೆಗೂ ನೆನಪಿರುತ್ತದೆ.

ಈಗ ದಾರಿಯ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರು ಫಿಜಿಗೆ ಮೊದಲೇ ವೀಸಾ ಮಾಡಿಸಬೇಕಿಲ್ಲ. ಇಳಿದ ಮೇಲೆ ನಾಲ್ಕು ತಿಂಗಳವರೆಗಿನ ಸಂದರ್ಶಕರ ಪರವಾನಗಿ ಹಾಕಿಕೊಡುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳ ಅವಧಿ ಬಾಕಿ ಇರಬೇಕು, ವಾಪಸ್ ಟಿಕೆಟ್ ಕೈಯಲ್ಲಿರಬೇಕು. ತೊಂದರೆ ಇರುವುದು ಫಿಜಿಯಲ್ಲಲ್ಲ, ನಡುದಾರಿಯಲ್ಲಿ. ಸಿಡ್ನಿಯಲ್ಲಿ ವಿಮಾನ ಬದಲಿಸಲು ಮಾತ್ರ ಇಳಿದರೂ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಅರ್ಜಿ, ದಾಖಲೆ, ಕಾಯುವುದು ಎಲ್ಲ ಇದೆ. ಆಕ್ಲೆಂಡ್‌ಗೂ ಟ್ರಾನ್ಸಿಟ್ ವೀಸಾ ಬೇಕು, ಅದಕ್ಕೆ ದುಡ್ಡೂ ಕಟ್ಟಬೇಕು. ಪಟ್ಟಿಯಲ್ಲಿ ಅಗ್ಗವಾಗಿ ಕಾಣುವ ಸಿಡ್ನಿ ದಾರಿಯ ಕಥೆ ಇದು. ನಾಲ್ಕು ಜನರ ಅರ್ಜಿ ತುಂಬಿ, ಒಬ್ಬರದ್ದು ತಡವಾದರೆ ನಾಲ್ಕೂ ಟಿಕೆಟ್ ನೀರಿಗೆ. ಮೇಲಾಗಿ ಆ ದಾರಿ ದಕ್ಷಿಣಕ್ಕೆ ಇಳಿದು ಮತ್ತೆ ಮೇಲೆ ಬರುವ ಸುತ್ತು.

ಸಿಂಗಪುರ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ನಿಲ್ದಾಣದ ಒಳಗೇ ಇದ್ದು ಇನ್ನೊಂದು ವಿಮಾನ ಹತ್ತುವುದಾದರೆ ವೀಸಾ ಬೇಡ. ನಾನು ಸಿಂಗಪುರಕ್ಕೇ ಮತ ಹಾಕುತ್ತೇನೆ. ಬೆಂಗಳೂರಿನಿಂದ ಸುಮಾರು 3,200 ಕಿ.ಮೀ., ನಾಲ್ಕೂವರೆ ಐದು ಗಂಟೆ. ಅಲ್ಲಿಂದ ನಂದಿಗೆ ಸುಮಾರು 8,300 ಕಿ.ಮೀ., ಹತ್ತು ಗಂಟೆ. ಮೊದಲ ಸಲ ಹತ್ತುವವರಿಗೆ ಮೊದಲು ಚಿಕ್ಕ ಹಾರಾಟ, ಆಮೇಲೆ ದೊಡ್ಡದು. ಅಭ್ಯಾಸವಾಗಲು ಇದು ಒಳ್ಳೆಯದೇ.

ಆದರೆ 'ವಿಮಾನ ನಿಲ್ದಾಣದ ಒಳಗೇ' ಎಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ಅದು ಆಗಬೇಕಾದರೆ ಬೆಂಗಳೂರಿನಲ್ಲಿ ಕೊಟ್ಟ ಸೂಟ್‌ಕೇಸ್ ನೇರ ನಂದಿಗೆ ಹೋಗಬೇಕು. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಸಾಮಾನ್ಯವಾಗಿ ಹೋಗುತ್ತದೆ. ಬೇರೆ ಬೇರೆ ಕೊಂಡಿದ್ದರೆ ಸಿಂಗಪುರದಲ್ಲಿ ನೀವೇ ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾಗಬಹುದು. ಲಗೇಜ್ ಬೆಲ್ಟ್ ಇರುವುದು ಇಮಿಗ್ರೇಷನ್ ಆಚೆ. ಅಲ್ಲಿಗೆ ಹೋಗಲು ವೀಸಾ ಬೇಕು! ಕಡಿಮೆ ಬೆಲೆಯ ಎರಡು ತುಂಡು ಟಿಕೆಟ್ ಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ನಾನೂ ಬಿದ್ದಿದ್ದೇನೆ, ಅದೂ ಈ ಕಸುಬಿನಲ್ಲಿದ್ದುಕೊಂಡೇ. ವರ್ಷಗಳ ಹಿಂದೆ ಇನ್ನೊಂದು ದ್ವೀಪಕ್ಕೆ ನಾನು, ನನ್ನ ಹೆಂಡತಿ ಹೊರಟಿದ್ದೆವು. ಒಂದಿಷ್ಟು ಸಾವಿರ ಉಳಿಯುತ್ತದೆಂದು ಎರಡು ಕಂಪನಿಯ ಟಿಕೆಟ್ ಬೇರೆ ಬೇರೆ ಕೊಂಡೆ. ಮೊದಲ ವಿಮಾನ ಎರಡು ಗಂಟೆ ತಡ. ಎರಡನೆಯದು ನಮ್ಮನ್ನು ಬಿಟ್ಟು ಹೋಯಿತು. ಮೊದಲನೆಯವರು 'ನಿಮ್ಮನ್ನು ಇಲ್ಲಿಗೆ ತಲುಪಿಸಿದ್ದೇವಲ್ಲ' ಎಂದರು. ಎರಡನೆಯವರು 'ನೀವು ಬರಲಿಲ್ಲವಲ್ಲ' ಎಂದರು. ಇಬ್ಬರ ಮಾತೂ ಸರಿಯೇ ಆಗಿತ್ತು. ಹೊಸ ಟಿಕೆಟ್ ಕೊಂಡಾಗ ಉಳಿಸಿದ್ದರ ನಾಲ್ಕರಷ್ಟು ಹೋಯಿತು. ಹೆಂಡತಿ ಇವತ್ತಿಗೂ ಏನಾದರೂ ಅಗ್ಗದ್ದು ಕಂಡರೆ 'ಎರಡು ಟಿಕೆಟ್ ತರ ಅಲ್ವಾ ಇದು?' ಅನ್ನುತ್ತಾಳೆ. ಒಂದೇ ಬುಕಿಂಗ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಜವಾಬ್ದಾರಿ ಆಗುತ್ತಿತ್ತು.

ಬುಕ್ ಮಾಡುವಾಗ ಇನ್ನೂ ಒಂದು ಪ್ರಶ್ನೆ ಕೇಳಿ: 'ಲಗೇಜ್ ಟ್ಯಾಗ್ ನಂದಿವರೆಗೂ ಬರುತ್ತದಾ?' ಬೆಂಗಳೂರಿನ ಕೌಂಟರಿನಲ್ಲಿ ಟ್ಯಾಗ್ ಕೊಟ್ಟಾಗ ಅದರ ಮೇಲೆ ಎನ್‌ಎಎನ್ ಎಂಬ ಮೂರಕ್ಷರ ಇದೆಯಾ ನೋಡಿಕೊಳ್ಳಿ. ಅದು ನಂದಿಯ ಕೋಡ್.

ಸಿಂಗಪುರದಲ್ಲಿ ಎಷ್ಟು ಹೊತ್ತು ಇರಬೇಕು? ಎಲ್ಲರೂ ಕಡಿಮೆ ಕಾಯುವ ದಾರಿ ಹುಡುಕುತ್ತಾರೆ. ನಿಮಗೆ ನಾನು ಉಲ್ಟಾ ಹೇಳುತ್ತೇನೆ. ಗಾಲಿಕುರ್ಚಿ ಬರಬೇಕು, ಅತ್ತೆ ಶೌಚಾಲಯಕ್ಕೆ ಹೋಗಿ ಬರಬೇಕು, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ರೈಲಿನಲ್ಲಿ ಹೋಗಬೇಕು. ಮೂರು ಗಂಟೆಗಿಂತ ಕಡಿಮೆ ಬೇಡವೇ ಬೇಡ. ಎಂಟು ಗಂಟೆಯೋ ಹೆಚ್ಚೋ ಸಿಕ್ಕರೆ ಒಳಗಡೆಯೇ ಟ್ರಾನ್ಸಿಟ್ ಹೋಟೆಲ್ ಇದೆ, ಗಂಟೆ ಲೆಕ್ಕದಲ್ಲಿ ಕೋಣೆ ಕೊಡುತ್ತಾರೆ. ಮೈಸೂರಿನಿಂದ ಫ್ಲೈಬಸ್‌ನಲ್ಲೋ ಟ್ಯಾಕ್ಸಿಯಲ್ಲೋ ನಾಲ್ಕೈದು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ, ಆಮೇಲೆ ರಾತ್ರಿ ವಿಮಾನ. ಅಷ್ಟಾದ ಮೇಲೆ ಮಲಗಿ ಬೆನ್ನು ಚಾಚುವುದಕ್ಕೆ ಸಿಗುವ ನಾಲ್ಕು ಗಂಟೆಯ ಬೆಲೆ ಹಣದಲ್ಲಿ ಹೇಳುವುದು ಕಷ್ಟ. ಮಗಳು ಆ ದೊಡ್ಡ ಒಳಾಂಗಣ ಜಲಪಾತ ನೋಡಬೇಕೆಂದು ಹಠ ಮಾಡಿದರೆ ಮೊದಲೇ ಹೇಳಿಡಿ, ಅದಿರುವುದು ಇಮಿಗ್ರೇಷನ್ ಆಚೆ. ವೀಸಾ ಇಲ್ಲದೆ ಅದರ ಬುಡಕ್ಕೆ ಹೋಗಲಾಗುವುದಿಲ್ಲ.

ಬಜೆಟ್ ಒಪ್ಪಿದರೆ ಸಿಂಗಪುರದ ವೀಸಾ ಮಾಡಿಸಿ, ಹೋಗುವಾಗ ಎರಡು ರಾತ್ರಿ ಅಲ್ಲಿ ತಂಗಿ. ಬರುವಾಗಲ್ಲ, ಹೋಗುವಾಗ. ಕಾರಣ ನಿದ್ರೆ.

ಫಿಜಿ ನಮಗಿಂತ ಆರೂವರೆ ಗಂಟೆ ಮುಂದೆ. ಸಿಂಗಪುರ ಎರಡೂವರೆ ಗಂಟೆ ಮುಂದೆ. ಮೈಯೊಳಗಿನ ಗಡಿಯಾರ ದಿನಕ್ಕೆ ಹೆಚ್ಚುಕಮ್ಮಿ ಒಂದು ಗಂಟೆಯಷ್ಟು ಸರಿಯುತ್ತದೆ. ಪೂರ್ವಕ್ಕೆ ಹೋಗುವಾಗ ಬೇಗ ಮಲಗಬೇಕು, ಬೇಗ ಏಳಬೇಕು. ಅದು ತಡವಾಗಿ ಮಲಗುವುದಕ್ಕಿಂತ ಕಷ್ಟ. ಎರಡು ದಿನ ಸಿಂಗಪುರದಲ್ಲಿದ್ದರೆ ಆ ಆರೂವರೆಯಲ್ಲಿ ಎರಡೂವರೆ ಅಲ್ಲೇ ಬಹುಪಾಲು ಕಳೆಯುತ್ತದೆ. ತಂಗುವುದು ಆಗದಿದ್ದರೆ ಹೊರಡುವ ಮೂರು ದಿನ ಮೊದಲಿನಿಂದ ಎಲ್ಲರೂ ದಿನಕ್ಕೆ ಒಂದು ಗಂಟೆ ಬೇಗ ಮಲಗಿ, ಒಂದು ಗಂಟೆ ಬೇಗ ಏಳಿ. ಬೆಳಗಿನ ಜಾವ ಎದ್ದು ರಂಗೋಲಿ ಹಾಕುವ ಅಭ್ಯಾಸ ಇರುವ ಅತ್ತೆಯರಿಗೆ ಇದು ಏನೂ ಅಲ್ಲ. ಒದ್ದಾಡುವುದು ಸಾಮಾನ್ಯವಾಗಿ ಮಗ.

ನೇರವಾಗಿ ಹೋದವರಿಗೆ ಒಂದು ಸೂಕ್ಷ್ಮ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 'ಇಳಿದ ಕೂಡಲೇ ಬಿಸಿಲಿಗೆ ಹೋಗಿ, ಜೆಟ್‌ಲ್ಯಾಗ್ ಹೋಗುತ್ತದೆ' ಎನ್ನುತ್ತಾರೆ. ಫಿಜಿಗೆ ಹೋಗುವಾಗ ಅದು ಅರ್ಧ ಸತ್ಯ. ಮೈಸೂರಿನಲ್ಲಿ ಬೆಳಿಗ್ಗೆ ಆರಕ್ಕೆ ಏಳುವವರ ಮೈ ಸುಮಾರು ನಾಲ್ಕು ಗಂಟೆ ಹೊತ್ತಿಗೆ ಅತಿ ತಣ್ಣಗಿರುತ್ತದೆ. ಅದಾದ ಮೇಲೆ ಬೆಳಕು ಬಿದ್ದರೆ ಗಡಿಯಾರ ಮುಂದಕ್ಕೆ ಸರಿಯುತ್ತದೆ, ನಮಗೆ ಬೇಕಾದ ಕಡೆಗೆ. ಅದಕ್ಕೂ ಮೊದಲು ಬಿದ್ದರೆ ಹಿಂದಕ್ಕೆ ಸರಿಯುತ್ತದೆ. ನಮ್ಮ ನಾಲ್ಕು ಗಂಟೆ ಎಂದರೆ ಫಿಜಿಯಲ್ಲಿ ಹತ್ತೂವರೆ. ಹಾಗಾಗಿ ಮೊದಲ ದಿನ ಬೆಳಿಗ್ಗೆ ತಂಪು ಕನ್ನಡಕ ಹಾಕಿಕೊಂಡು ನೆರಳಲ್ಲಿರಿ. ಹನ್ನೊಂದರ ಮೇಲೆ ಹೊರಗೆ ಬನ್ನಿ. ಮರುದಿನ ಒಂದು ಗಂಟೆ ಮೊದಲು, ಆಮೇಲೆ ಇನ್ನೊಂದು ಗಂಟೆ ಮೊದಲು. ಮಧ್ಯಾಹ್ನದ ನಿದ್ರೆ ಅರ್ಧ ಗಂಟೆ ಸಾಕು.

ಅತ್ತೆಯವರ ಶುಗರ್ ವಿಷಯಕ್ಕೆ ಬರುತ್ತೇನೆ. ನಾನು ವೈದ್ಯನಲ್ಲ. ಆದರೆ ವೈದ್ಯರ ಹತ್ತಿರ ಏನು ತೆಗೆದುಕೊಂಡು ಹೋಗಬೇಕು ಎಂದು ಹೇಳಬಲ್ಲೆ. ಸುಮ್ನೆ 'ಫಿಜಿಗೆ ಹೋಗ್ತಿದ್ದೀವಿ' ಎಂದರೆ ಅವರೂ 'ಹೋಗಿ ಬನ್ನಿ' ಎನ್ನುತ್ತಾರೆ. ಒಂದು ಹಾಳೆಯಲ್ಲಿ ಭಾರತದ ಸಮಯದಲ್ಲೇ ಬರೆದುಕೊಳ್ಳಿ: ಎಷ್ಟು ಗಂಟೆಗೆ ವಿಮಾನ, ಎಷ್ಟು ಗಂಟೆಗೆ ಊಟ ಕೊಡುತ್ತಾರೆ, ಎಷ್ಟಕ್ಕೆ ಇಳಿಯುತ್ತೀರಿ. ಪೂರ್ವಕ್ಕೆ ಹೋದ ದಿನ ಆರೂವರೆ ಗಂಟೆ ಕಡಿಮೆಯಾಗಿ ದಿನ ಕಿರಿದಾಗುತ್ತದೆ. ಮಾತ್ರೆಯೋ ಇನ್ಸುಲಿನ್ನೋ ಆ ದಿನ ಯಾವಾಗ, ಎಷ್ಟು ಎಂದು ಅವರಿಂದಲೇ ಬರೆಸಿಕೊಳ್ಳಿ. ಔಷಧಿ ಎಲ್ಲ ಕೈಚೀಲದಲ್ಲಿ ಇರಲಿ, ಚೀಟಿಯ ಸಮೇತ. ಇನ್ಸುಲಿನ್ ಇದ್ದರೆ ಯಾವ ಕಾರಣಕ್ಕೂ ಕೆಳಗಿನ ಲಗೇಜಿಗೆ ಹಾಕಬೇಡಿ. ಅಲ್ಲಿನ ಚಳಿಗೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟು. ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ಸ್ವಲ್ಪ ಮೇಲೋ ಹತ್ತು ಗಂಟೆ ಕೂತ ಹಾಗೆ. ಸಾಮಾನ್ಯ ಆರೋಗ್ಯದವರಿಗೆ ಇದು ಲೆಕ್ಕಕ್ಕಿಲ್ಲ. ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇದ್ದರೆ ಮಾತ್ರ ಕೇಳಲೇಬೇಕು. ನಿಜವಾಗಿ ಕಾಡುವುದು ಒಣಗಾಳಿ ಮತ್ತು ಕಾಲು. ಆ ಗಾಳಿಯಲ್ಲಿ ತೇವಾಂಶ ಶೇ. 20ಕ್ಕಿಂತ ಕಡಿಮೆ. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನಮ್ಮ ಹಿರಿಯರು ನೀರೇ ಕುಡಿಯುವುದಿಲ್ಲ. ಅದಕ್ಕೇ ಅತ್ತೆಗೆ ಕಿಟಕಿ ಸೀಟು ಕೊಡಬೇಡಿ, ನಡುದಾರಿಯ ಪಕ್ಕದ ಸೀಟು ಕೊಡಿ. ಏಳಲಿ, ನಡೆಯಲಿ. ಎರಡು ಗಂಟೆಗೊಮ್ಮೆ ನಾಲ್ಕು ಹೆಜ್ಜೆ, ಕೂತಲ್ಲೇ ಪಾದ ಮೇಲೆ ಕೆಳಗೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದರಿಂದ ಕಡಿಮೆಯಾಗುತ್ತದೆ. ವೆರಿಕೋಸ್ ವೇನ್, ಅಂದರೆ ಕಾಲಿನಲ್ಲಿ ಉಬ್ಬಿದ ರಕ್ತನಾಳ, ಇದ್ದರೆ ಬಿಗಿ ಕಾಲುಚೀಲದ ಬಗ್ಗೆ ವೈದ್ಯರನ್ನು ಕೇಳಿ. ವಿಮಾನದಲ್ಲಿ ಎರಡು, ನಾಲ್ಕು, ಎರಡು ಎಂದು ಸೀಟುಗಳಿದ್ದರೆ ನಾಲ್ಕರ ಸಾಲು ಬೇಡ. ಪಕ್ಕದ ಎರಡೆರಡು ಸೀಟು, ಒಂದರ ಹಿಂದೆ ಒಂದು ಹಿಡಿಯಿರಿ. ಕಿಟಕಿ ಮಗಳಿಗೆ, ಅದರ ಪಕ್ಕ ಅಜ್ಜಿ. ಹಿಂದೆ ನೀವಿಬ್ಬರು.

ಗಾಲಿಕುರ್ಚಿಗೆ ದುಡ್ಡಿಲ್ಲ. ಬುಕ್ ಮಾಡುವಾಗಲೇ, ತಡವೆಂದರೆ ಎರಡು ದಿನ ಮೊದಲು ಹೇಳಿ. 'ನಾನೇನು ರೋಗಿಯಾ?' ಎಂದು ಅತ್ತೆ ಮುನಿಸಿಕೊಳ್ಳಬಹುದು. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಉದ್ದ ನೋಡಿದ ಮೇಲೆ ಸುಮ್ಮನಾಗುತ್ತಾರೆ. ಕೇಳುವಾಗ ಒಂದು ಕೋಡ್ ತಿಳಿದಿರಲಿ. ದೂರ ನಡೆಯಲಾಗದು, ಮೆಟ್ಟಿಲು ಹತ್ತಬಲ್ಲರು ಎಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗದು ಎಂದರೆ ಡಬ್ಲ್ಯುಸಿಎಚ್‌ಎಸ್. ಮಂಡಿನೋವಿಗೆ ಎರಡನೆಯದನ್ನೇ ಹಾಕಿಸಿ.

ಊಟಕ್ಕೂ ಕೋಡ್ ಇದೆ. ಎವಿಎಂಎಲ್ ಎಂದರೆ ನಮ್ಮ ಕಡೆಯ ಸಸ್ಯಾಹಾರ, ಅನ್ನ ಪಲ್ಯ ಅಂಥದ್ದು. ವಿಜಿಎಂಎಲ್ ಎಂದು ಹಾಕಿಸಿದರೆ ಹಾಲು ಮೊಸರು ಏನೂ ಇಲ್ಲದ ಸಪ್ಪೆ ಊಟ ಬರುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಎರಡೂ ವಿಮಾನಕ್ಕೆ ಬೇರೆ ಬೇರೆಯಾಗಿ ಹೇಳಬೇಕು. ಒಂದರಲ್ಲಿ ಹೇಳಿದ್ದು ಇನ್ನೊಂದಕ್ಕೆ ತಾನಾಗಿ ಹೋಗುತ್ತದೆಂದು ನಂಬಬೇಡಿ.

ಇನ್ನು ತಿಂಗಳು. ಫಿಜಿಯಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಒಣ ಕಾಲ, ತಂಪು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಸೆಕೆ, ಚಂಡಮಾರುತ. 2016ರ ಫೆಬ್ರವರಿ 20ರಂದು ಬಡಿದ ವಿನ್‌ಸ್ಟನ್ ಚಂಡಮಾರುತದಲ್ಲಿ 44 ಜನ ಸತ್ತರು. ಪ್ರತಿ ವರ್ಷ ಹಾಗಾಗುತ್ತದೆಂದಲ್ಲ, ಆದರೆ ಡಿಸೆಂಬರ್ ರಜೆಗೆ ಹೋಗಿ ಹತ್ತು ದಿನ ಕೋಣೆಯಲ್ಲಿ ಕೂರುವ ಸಾಧ್ಯತೆ ಇದೆ. ಮೇಲೆ ಆಗ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರ ಬೇಸಿಗೆ ರಜೆ. ಬೆಲೆ ಮುಗಿಲಿಗೆ. ನಿಮಗೆ ಉಳಿಯುವುದು ಎರಡೇ: ಬೇಸಿಗೆ ರಜೆಯ ಮೇ ತಿಂಗಳು, ಇಲ್ಲವೇ ದಸರಾ ರಜೆ. ದಸರಾದಲ್ಲಿ ಮೈಸೂರು ಬಿಟ್ಟು ಹೋಗುವುದು ಮೈಸೂರಿನವರಿಗೆ ಒಂದು ಥರ ಸುಖವೇ, ಆದರೆ ಆ ರಜೆ ಬೇಗ ಬಿದ್ದ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಆಸ್ಟ್ರೇಲಿಯಾದ ಶಾಲೆಗಳಿಗೂ ರಜೆ ಇರುತ್ತದೆ. ರಿಸಾರ್ಟ್‌ಗಳು ತುಂಬಿರುತ್ತವೆ. ನನ್ನ ಆಯ್ಕೆ ಮೇ ಎರಡನೆಯ ವಾರ. ಮಳೆ ಹಿಂದೆ ಸರಿದಿರುತ್ತದೆ, ಹಸಿರು ಇನ್ನೂ ಇರುತ್ತದೆ.

ಮೇ ತಿಂಗಳಿಗೆ ಇನ್ನೊಂದು ಕಾರಣವೂ ಇದೆ. ಭಾರತದಿಂದ ಕೂಲಿಗಳನ್ನು ಹೊತ್ತ ಮೊದಲ ಹಡಗು 'ಲಿಯೋನಿಡಾಸ್' ಫಿಜಿ ಮುಟ್ಟಿದ್ದು 1879ರ ಮೇ 14ರಂದು. ಕಬ್ಬಿನ ಗದ್ದೆಗೆ ಒಪ್ಪಂದದ ಮೇಲೆ ಹೋದವರು ಅವರು. 'ಅಗ್ರಿಮೆಂಟ್' ಎಂಬುದು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. 1903ರಿಂದ ಮದರಾಸು ಬಂದರಿನಿಂದ ದಕ್ಷಿಣದವರೂ ಹೊರಟರು. ಈಗ ಮೇ ಮಧ್ಯದಲ್ಲಿ ಗಿರ್ಮಿಟ್ ದಿನ ಅಲ್ಲಿ ಸರ್ಕಾರಿ ರಜೆ. ನಂದಿ ಪೇಟೆಯಲ್ಲಿ ಶ್ರೀ ಶಿವ ಸುಬ್ರಹ್ಮಣ್ಯ ಸ್ವಾಮಿ ದೇವಸ್ಥಾನ ಇದೆ, ನಮ್ಮ ಕಡೆಯಂಥದ್ದೇ ಬಣ್ಣದ ಗೋಪುರ. ಅರ್ಧ ಭೂಮಿ ದಾಟಿ ಹೋಗಿ ಸುಬ್ರಹ್ಮಣ್ಯನನ್ನು ನೋಡಿದಾಗ ನಿಮ್ಮ ಅತ್ತೆಯ ಮುಖ ಒಮ್ಮೆ ನೋಡಿ. ಹಿಂದಿ ಸ್ವಲ್ಪ ಬಂದರೆ ಅವರು ಅಲ್ಲಿ ಯಾರ ಜೊತೆಗೂ ಮಾತಾಡಬಹುದು. ಫಿಜಿ ಹಿಂದಿ ನಮ್ಮ ಶಾಲೆಯ ಹಿಂದಿಗಿಂತ ಬೇರೆ, ಆದರೆ ಅರ್ಥವಾಗುತ್ತದೆ. ರೊಟ್ಟಿ, ದಾಲ್ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಕೆಸುವಿನ ಸೊಪ್ಪನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ 'ರೌರೌ' ಕೇಳಿ ನೋಡಿ. ಪತ್ರೊಡೆ ತಿಂದ ನಾಲಿಗೆಗೆ ಒಗ್ಗುತ್ತದೆ. ಮೀನು, ಮಾಂಸ ಹಾಕಿದ್ದಾರಾ ಎಂದು ಕೇಳಿಯೇ ತಿನ್ನಿ.

ಈಗ ಯಾರೂ ಮೊದಲೇ ಹೇಳದ ವಿಷಯ: ವಿಮಾನ ಇಳಿದ ಮೇಲಿನ ದಾರಿ. ಚಿತ್ರಗಳಲ್ಲಿ ನೀವು ನೋಡಿದ ಬಿಳಿ ಮರಳು ನಂದಿಯಲ್ಲಿಲ್ಲ. ಅದು ಮಮನುದ, ಯಸಾವ ಎಂಬ ಸಣ್ಣ ದ್ವೀಪಗಳಲ್ಲಿದೆ. ಡೆನರಾವ್ ಬಂದರಿನಿಂದ ದೋಣಿ. ಯಸಾವದ ದೊಡ್ಡ ದೋಣಿ ಹೊರಡುವುದು ಬೆಳಿಗ್ಗೆ, ವಿಮಾನ ಅದಕ್ಕೆ ಕಾಯುವುದಿಲ್ಲ, ಅದೂ ವಿಮಾನಕ್ಕೆ ಕಾಯುವುದಿಲ್ಲ. ಮೊದಲ ರಾತ್ರಿ ನಂದಿಯಲ್ಲೇ ಉಳಿಯಿರಿ. ಕೊನೆಯ ರಾತ್ರಿಯೂ ಅಲ್ಲೇ. ಸಮುದ್ರ ಕೆಟ್ಟು ದೋಣಿ ತಡವಾದರೆ ವಾರಕ್ಕೆ ಕೆಲವೇ ದಿನ ಹಾರುವ ಆ ವಿಮಾನ ಹೋಗಿರುತ್ತದೆ.

ಹಲವು ದ್ವೀಪಗಳಲ್ಲಿ ಕಟ್ಟೆಯೇ ಇಲ್ಲ. ದೊಡ್ಡ ದೋಣಿ ಸಮುದ್ರದ ನಡುವೆ ನಿಲ್ಲುತ್ತದೆ. ಅಲ್ಲಿಂದ ಓಲಾಡುವ ಸಣ್ಣ ದೋಣಿಗೆ ಇಳಿದು, ದಡದ ಹತ್ತಿರ ಮಂಡಿಯುದ್ದ ನೀರಿಗೆ ಕಾಲಿಡಬೇಕು. ಮಗಳಿಗೆ ಅದೇ ಹಬ್ಬ, ಅತ್ತೆಗೆ ಆಗದು. ಬುಕ್ ಮಾಡುವ ಮೊದಲು ರಿಸಾರ್ಟ್‌ಗೆ ಒಂದೇ ಸಾಲು ಬರೆದು ಕೇಳಿ: ದೋಣಿ ನೇರ ಕಟ್ಟೆಗೆ ಬರುತ್ತದಾ, ಇಲ್ಲ ನೀರಿಗೆ ಇಳಿಯಬೇಕಾ? ಕಟ್ಟೆ ಇಲ್ಲವೆಂದರೆ ಬೇರೆ ರಿಸಾರ್ಟ್ ನೋಡಿ. ಇಲ್ಲವೇ ದೊಡ್ಡ ದ್ವೀಪ ವಿಟಿ ಲೆವುವಿನ ದಕ್ಷಿಣಕ್ಕಿರುವ ಕೋರಲ್ ಕೋಸ್ಟ್‌ಗೆ ಕಾರಿನಲ್ಲೇ ಹೋಗಿ. ಪ್ರಯಾಣ ಕಳೆದು ಫಿಜಿಯಲ್ಲಿ ಎಂಟು ದಿನ ಸಿಕ್ಕರೆ, ನಿಮ್ಮ ಮನೆಮಂದಿಗೆ ನಾನು ಅದರಲ್ಲಿ ಐದು ದಿನ ಅಲ್ಲಿ ಹಾಕುತ್ತೇನೆ. ಮಗಳಿಗಾಗಿ ಒಂದು ದಿನ ನಂದಿಯಿಂದ ಸಣ್ಣ ದ್ವೀಪಕ್ಕೆ ಹೋಗಿ ಸಂಜೆಗೆ ವಾಪಸ್. ಅವತ್ತು ಅಜ್ಜಿ ದೇವಸ್ಥಾನಕ್ಕೆ.

ಮಲೇರಿಯಾ ಫಿಜಿಯಲ್ಲಿ ಇಲ್ಲ, ಡೆಂಗಿ ಇದೆ. ಸೊಳ್ಳೆ ಮುಲಾಮು ಇರಲಿ. ಪ್ರಯಾಣ ವಿಮೆ ಮಾಡಿಸುವಾಗ ಅತ್ತೆಯವರ ಶುಗರ್ ಅನ್ನು ಮುಚ್ಚಿಡಬೇಡಿ. ಗಂಭೀರ ಕಾಯಿಲೆಯಾದರೆ ಅಲ್ಲಿಂದ ಆಸ್ಟ್ರೇಲಿಯಾಕ್ಕೋ ನ್ಯೂಜಿಲೆಂಡಿಗೋ ಸಾಗಿಸಬೇಕಾಗುತ್ತದೆ, ಆ ಖರ್ಚು ವಿಮೆಯಲ್ಲಿ ಸೇರಿದೆಯಾ ನೋಡಿ. ಅಲ್ಲಿನ ಪ್ಲಗ್ ಆಸ್ಟ್ರೇಲಿಯಾದ ಥರ, ಓರೆ ಕಡ್ಡಿಯದು. ನಮ್ಮದು ಹೋಗದು, ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಕೊನೆಗೆ ತಿಂಡಿ ಡಬ್ಬಿ. ಫಿಜಿಯಲ್ಲಿ ಹೊರಗಿನ ಹಣ್ಣು, ಬೀಜ, ಸೊಪ್ಪು, ಹಾಲಿನ ಪದಾರ್ಥದ ಬಗ್ಗೆ ಬಹಳ ಬಿಗಿ. ಇಳಿಯುವಾಗ ಒಂದು ಫಾರಂ ತುಂಬಬೇಕು. ಚಟ್ನಿಪುಡಿ, ಚಕ್ಕುಲಿ, ಉಪ್ಪಿನಕಾಯಿ ಏನಿದ್ದರೂ 'ಇದೆ' ಎಂದು ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಬರೆಯದೆ ಸಿಕ್ಕರೆ ದಂಡ. ಕಂಪನಿ ಪ್ಯಾಕೆಟ್ಟಿನದ್ದಾದರೆ ತೋರಿಸುವುದು ಸುಲಭ. ದೇವರ ಹೂವು, ತುಳಸಿ, ಬೀಜ ಮನೆಯಲ್ಲೇ ಇರಲಿ. ಮತ್ತೆ, ಅತ್ತೆಯವರು ಸುಬ್ರಹ್ಮಣ್ಯನಿಗೆಂದು ಒಣ ಕೊಬ್ಬರಿ ಗಿಟುಕು ಇಟ್ಟುಕೊಳ್ಳುವ ಮೊದಲೇ ಹೇಳಿಬಿಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ವಸ್ತು ಎಂದು ಅದನ್ನು ಬೆಂಗಳೂರಿನಲ್ಲೇ ತೆಗೆದಿಡುತ್ತಾರೆ. ತೆಂಗಿನಕಾಯಿ ನಂದಿ ಮಾರ್ಕೆಟ್ಟಿನಲ್ಲೇ ಸಿಗುತ್ತದೆ.